ಹುಣ್ಣಿಮೆಯ ದೇವಿಯರು, ಅಮಾವಾಸ್ಯೆಯ ದೇವಿಯರು

ಗ್ರೀಕ್ ಪುರಾಣವನ್ನು ಹೊಸದಾಗಿ ಓದಲು ಕೂತವರಿಗೆ ಬೇಗನೆ ಒಂದು ತೊಡಕು ಎದುರಾಗುತ್ತದೆ. ಗ್ರೀಕರ ಚಂದ್ರದೇವಿ ಯಾರು ಎಂದು ಹುಡುಕಿದರೆ ಒಂದು ಪುಸ್ತಕ ಸೆಲೀನಿ ಎನ್ನುತ್ತದೆ, ಇನ್ನೊಂದು ಆರ್ಟೆಮಿಸ್ ಎನ್ನುತ್ತದೆ, ಮತ್ತೊಂದು ಹೆಕಟಿಯ ಹೆಸರು ಹೇಳುತ್ತದೆ. ಮೂವರೂ ಒಬ್ಬಳೇ ಎಂದು ಷರಾ ಬರೆದು ಮುಗಿಸುವ ಪುಸ್ತಕಗಳೂ ಇವೆ. ಓದುವವರ ತಲೆ ಚಿಟ್ಟುಹಿಡಿಯುವುದು ಸಹಜ.

ಉತ್ತರ ಹುಡುಕಿಕೊಂಡು ಅಥೆನ್ಸಿಗೆ ಹೋಗುವ ಮೊದಲು ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ನೋಡಿ. ಮನೆ ರಾಜಾಜಿನಗರದಲ್ಲಿರಲಿ, ಬಸವೇಶ್ವರನಗರದಲ್ಲಿರಲಿ, ಕೆಂಗೇರಿಯ ಆಚೆಯ ಹೊಸ ಬಡಾವಣೆಯಲ್ಲಿರಲಿ, ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಿಗೆ ಬೇರೆಯೇ ಗುರುತು ಇರುತ್ತದೆ. ನಮ್ಮಲ್ಲಿ ಚಂದ್ರ ಗಂಡು. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳ ಮೇಲೆ ಪ್ರೀತಿ ಇಟ್ಟು, ಮಾವನ ಶಾಪದಿಂದ ಕ್ಷಯ ಹಿಡಿದವನು. ಲಕ್ಷ್ಮಿಯ ಜೊತೆ ಕಡಲಿನಿಂದ ಎದ್ದುಬಂದದ್ದರಿಂದ ಮಕ್ಕಳಿಗೆ ಚಂದಮಾಮ. ಆದರೆ ಅವನು ತುಂಬುವ ದಿನ, ಅವನು ಕಾಣದಾಗುವ ದಿನ ಪೂಜೆ ಹೆಚ್ಚಾಗಿ ಯಾರಿಗೆ ಸಲ್ಲುತ್ತದೆ ಎಂದು ನೋಡಿದರೆ, ಯಲ್ಲಮ್ಮ, ಬನಶಂಕರಿ, ಗೌರಿ, ದ್ರೌಪದಿ, ಲಕ್ಷ್ಮಿ ಎಂದು ಪಟ್ಟಿ ಬೆಳೆಯುತ್ತದೆ. ಒಂದೇ ಚಂದ್ರನ ಸುತ್ತ ಹಲವು ದೇವಿಯರು ಸೇರುವುದು ಹೇಗೆ ಎಂಬುದನ್ನು ಇಲ್ಲಿ ತಿಳಿದುಕೊಂಡರೆ ಗ್ರೀಕರ ಮೂವರು ಅಷ್ಟು ಗೊಂದಲ ಮಾಡುವುದಿಲ್ಲ. ಒಂದೊಂದೇ ಹೆಜ್ಜೆ ಇಡೋಣ.

ಮೊದಲು ತಿಥಿಯ ಲೆಕ್ಕ

ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಗೆ ಸುಮಾರು 29.5 ದಿನ. ಇದನ್ನು ನಮ್ಮ ಪಂಚಾಂಗ 30 ತಿಥಿಗಳಾಗಿ ಹಂಚಿದೆ. ಆಕಾಶದಲ್ಲಿ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಚಂದ್ರನ ವೇಗ ಒಂದೇ ಸಮ ಇಲ್ಲದ್ದರಿಂದ ತಿಥಿಯ ಅವಧಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಗಾಗಿ ಹುಣ್ಣಿಮೆ ಒಂದು ದಿನ ಮಧ್ಯಾಹ್ನ ಶುರುವಾಗಿ ಮರುದಿನ ಮಧ್ಯಾಹ್ನ ಮುಗಿಯಬಹುದು. "ಹುಣ್ಣಿಮೆ ಇವತ್ತೋ ನಾಳೆಯೋ" ಎಂದು ಮನೆಮನೆಯಲ್ಲಿ ಚರ್ಚೆ ಆಗುವುದು ಇದರಿಂದಲೇ. ಸಂಕಷ್ಟಿಯ ದಿನ ಚಂದ್ರೋದಯದ ಹೊತ್ತನ್ನು ನಿಮಿಷ ಹಿಡಿದು ನೋಡಿ, ತಾರಸಿ ಹತ್ತಿ ಅರ್ಘ್ಯ ಕೊಡುವ ವಿಜಯನಗರದ ಅಜ್ಜಿಯರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಗ್ರೀಕರ ತಿಂಗಳೂ ಚಂದ್ರನನ್ನೇ ಹಿಡಿದು ನಡೆಯುತ್ತಿತ್ತು. ಕತ್ತಲ ರಾತ್ರಿ ಕಳೆದು ಪಡುವಣದಲ್ಲಿ ಎಳೆಯ ಗೆರೆಯಂತಹ ಚಂದ್ರ ಕಂಡ ಸಂಜೆ ಅವರಿಗೆ ಹೊಸ ತಿಂಗಳು. ಆ ದಿನಕ್ಕೆ ನೌಮೇನಿಯಾ ಎಂದು ಹೆಸರು. ಅಥೆನ್ಸಿನಲ್ಲಿ ಅದು ಪ್ರತಿ ತಿಂಗಳೂ ಬರುವ ಹಬ್ಬ. ಎರಡು ನಾಡುಗಳಲ್ಲೂ ದೇವರ ದಿನಚರಿಯನ್ನು ಚಂದ್ರನೇ ಗೊತ್ತುಮಾಡುತ್ತಿದ್ದ. ಇಷ್ಟು ಗಟ್ಟಿಯಾಗಿ ಹಿಡಿದುಕೊಂಡು ಮುಂದಕ್ಕೆ ಹೋಗೋಣ.

ವೇದದ ನಾಲ್ವರು

ನಮ್ಮಲ್ಲಿ ಚಂದ್ರ ಗಂಡು ಎಂದೆ. ಆದರೆ ಚಂದ್ರನ ಸ್ಥಿತಿಗಳಿಗೆ ಹೆಣ್ಣಿನ ರೂಪ ಕೊಟ್ಟು ಪೂಜಿಸಿದ್ದು ನಮ್ಮ ಅತ್ಯಂತ ಹಳೆಯ ಪಠ್ಯಗಳಲ್ಲೇ ಇದೆ. ಋಗ್ವೇದದ ಎರಡನೇ ಮಂಡಲದ 32ನೇ ಸೂಕ್ತದಲ್ಲಿ ರಾಕಾ ಮತ್ತು ಸಿನೀವಾಲಿ ಎಂಬ ದೇವಿಯರು ಬರುತ್ತಾರೆ. ಇವರ ಜೊತೆಗೆ ಅನುಮತಿ ಮತ್ತು ಕುಹೂ ಸೇರಿ ನಾಲ್ವರಾಗುತ್ತಾರೆ. ಹುಣ್ಣಿಮೆಯ ಮೊದಲ ಭಾಗ, ಅಂದರೆ ಚಂದ್ರ ಇನ್ನೂ ಒಂದು ಎಳೆ ಕಡಿಮೆ ಇರುವ ದಿನ ಅನುಮತಿಯದು. ಪೂರ್ತಿ ತುಂಬಿದ ದಿನ ರಾಕಾ. ಅಮಾವಾಸ್ಯೆಯ ಮೊದಲ ಭಾಗದಲ್ಲಿ, ಚಂದ್ರನ ಸಣ್ಣ ಗೆರೆ ಕಾಣುವಾಗ ಸಿನೀವಾಲಿ. ಅದೂ ಅಳಿಸಿಹೋದಾಗ ಕುಹೂ. ಐತರೇಯ ಬ್ರಾಹ್ಮಣ ಈ ಹಂಚಿಕೆಯನ್ನು ಹೇಳುತ್ತದೆ, ಅಮರಕೋಶವೂ ಇದನ್ನೇ ದಾಖಲಿಸಿದೆ. ತಿಥಿ ಎರಡು ದಿನಕ್ಕೆ ಹರಡಿಕೊಳ್ಳುವ ಸಂಗತಿ ಮೇಲೆ ಹೇಳಿದ್ದು ಇದಕ್ಕಾಗಿಯೇ. ಹಳಬರು ಆ ಹರಡಿಕೆಯ ಎರಡೂ ತುದಿಗಳಿಗೆ ಒಬ್ಬೊಬ್ಬ ದೇವಿಯನ್ನು ಕೂರಿಸಿದರು.

ಈ ನಾಲ್ವರನ್ನು ಕೇಳಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಮಕ್ಕಳಿಗಾಗಿ. ಋಗ್ವೇದದ ರಾಕಾ ಮುರಿಯದ ಸೂಜಿಯಿಂದ ಹೊಲಿಯುವವಳು, ವೀರ ಮಗನನ್ನು ಕೊಡುವವಳು. ಸಿನೀವಾಲಿ ಗರ್ಭ ನಿಲ್ಲಿಸುವ ದೇವಿ. ಹತ್ತನೇ ಮಂಡಲದಲ್ಲಿ ಸರಸ್ವತಿಯ ಜೊತೆಗೇ ಅವಳನ್ನು ಕರೆದಿದ್ದಾರೆ. ಸಂತಾನ ಬಯಸುವವರು ಯಜ್ಞದಲ್ಲಿ ಅನುಮತಿ, ರಾಕಾ, ಸಿನೀವಾಲಿ, ಕುಹೂ ನಾಲ್ವರಿಗೂ ಒಟ್ಟಾಗಿ ಹವಿಸ್ಸು ಅರ್ಪಿಸುವ ವಿಧಾನ ತೈತ್ತಿರೀಯ ಸಂಹಿತೆಯಲ್ಲಿದೆ. ಧಾತೃ ಎಂಬ ದೇವನಿಗೂ ಅಲ್ಲೇ ಪಾಲು ಉಂಟು. ಈ ದೇವಿಯರ ಗುಂಪಿಗೆ ದೇವಿಕೆಯರು ಎಂದು ಹೆಸರು.

ಇಲ್ಲಿ ಒಂದು ಅಂಶ ಗಮನಿಸಿ. ನಾಲ್ವರನ್ನೂ ಒಂದೇ ಕರ್ಮದಲ್ಲಿ ಕರೆಯುತ್ತಾರೆ, ಆದರೆ ನಾಲ್ವರಿಗೂ ಬೇರೆ ಬೇರೆ ಆಹುತಿ. ಒಟ್ಟಿಗೆ ಪೂಜೆ ಆಯಿತೆಂದು ಯಾರ ಹೆಸರೂ ಅಳಿಯಲಿಲ್ಲ. ಮುಂದೆ ಗ್ರೀಸಿಗೆ ಹೋದಾಗ ಈ ಅಂಶ ಮತ್ತೆ ಬೇಕಾಗುತ್ತದೆ.

ಹದಿನೈದು ನಿತ್ಯೆಯರು

ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಗೆ ಹೊರಟರೆ ರಾಜರಾಜೇಶ್ವರಿ ನಗರದ ಕಮಾನು ಸಿಗುತ್ತದೆ. ಬಡಾವಣೆಗೆ ಹೆಸರು ಬಂದದ್ದು ಕೈಲಾಸ ಆಶ್ರಮದ ರಾಜರಾಜೇಶ್ವರಿ ದೇವಸ್ಥಾನದಿಂದ. ಆಶ್ರಮ ಕಟ್ಟಿದವರು ತಿರುಚ್ಚಿ ಸ್ವಾಮಿಗಳು. ಇಂದು ಮೆಟ್ರೋ ನಿಲ್ದಾಣಕ್ಕೂ ದೇವಿಯದೇ ಹೆಸರು. ಶ್ರೀವಿದ್ಯೆಯ ಸಂಪ್ರದಾಯದಲ್ಲಿ ರಾಜರಾಜೇಶ್ವರಿ ಎಂದರೆ ಲಲಿತಾ ತ್ರಿಪುರಸುಂದರಿ. ಲಲಿತಾ ಸಹಸ್ರನಾಮದಲ್ಲಿ ಈ ಹೆಸರೂ ಸೇರಿದೆ. ಹೊಸಬರಿಗೆ ಅಷ್ಟಾಗಿ ತಿಳಿಯದ ವಿಷಯವೆಂದರೆ, ಈ ದೇವಿಯ ಪರಿವಾರ ಪೂರ್ತಿಯಾಗಿ ಚಂದ್ರನ ಕಲೆಗಳ ಮೇಲೆ ನಿಂತಿದೆ.

ಚಂದ್ರನಿಗೆ ಹದಿನೈದು ಕಲೆಗಳು, ಅಂದರೆ ದಿನಕ್ಕೊಂದರಂತೆ ತುಂಬುವ ಹದಿನೈದು ಭಾಗಗಳು. ಶ್ರೀವಿದ್ಯೆ ಒಂದೊಂದು ಕಲೆಗೂ ಒಬ್ಬ ದೇವಿಯನ್ನು ಹೇಳುತ್ತದೆ. ಇವರೇ ತಿಥಿ ನಿತ್ಯೆಯರು. ಪಾಡ್ಯಕ್ಕೆ ಕಾಮೇಶ್ವರಿ, ಬಿದಿಗೆಗೆ ಭಗಮಾಲಿನಿ, ತದಿಗೆಗೆ ನಿತ್ಯಕ್ಲಿನ್ನಾ, ಚೌತಿಗೆ ಭೇರುಂಡಾ, ಪಂಚಮಿಗೆ ವಹ್ನಿವಾಸಿನಿ, ಷಷ್ಠಿಗೆ ಮಹಾವಜ್ರೇಶ್ವರಿ, ಸಪ್ತಮಿಗೆ ಶಿವದೂತಿ, ಅಷ್ಟಮಿಗೆ ತ್ವರಿತಾ, ನವಮಿಗೆ ಕುಲಸುಂದರಿ, ದಶಮಿಗೆ ನಿತ್ಯಾ, ಏಕಾದಶಿಗೆ ನೀಲಪತಾಕಾ, ದ್ವಾದಶಿಗೆ ವಿಜಯಾ, ತ್ರಯೋದಶಿಗೆ ಸರ್ವಮಂಗಳಾ, ಚತುರ್ದಶಿಗೆ ಜ್ವಾಲಾಮಾಲಿನಿ, ಹುಣ್ಣಿಮೆಗೆ ಚಿತ್ರಾ. ಹದಿನಾರನೆಯವಳು ಲಲಿತೆ. ಅವಳು ತಿಥಿಗಳಾಚೆಗಿನವಳು, ತುಂಬುವುದೂ ಇಲ್ಲ, ಕರಗುವುದೂ ಇಲ್ಲ.

ಕೃಷ್ಣಪಕ್ಷದಲ್ಲಿ ಈ ಸಾಲು ತಿರುಗಿ ನಡೆಯುತ್ತದೆ. ಹುಣ್ಣಿಮೆಯ ಮರುದಿನ ಚಿತ್ರಾ, ಅಮಾವಾಸ್ಯೆಗೆ ಬರುವಷ್ಟರಲ್ಲಿ ಕಾಮೇಶ್ವರಿ. ಬೇಕಾದರೆ ಕಾಗದದ ಮೇಲೆ ಎರಡು ಸಾಲು ಬರೆದು ಹೊಂದಿಸಿ ನೋಡಿ. ಎರಡೂ ಪಕ್ಷಗಳಲ್ಲಿ ಒಂದೇ ತಿಥಿಗೆ ಬರುವವಳು ಅಷ್ಟಮಿಯ ತ್ವರಿತಾ ಮಾತ್ರ. ಶ್ರೀಚಕ್ರದ ನಡುವಿನ ತ್ರಿಕೋನದ ಸುತ್ತ, ಒಂದೊಂದು ಬದಿಗೆ ಐವರಂತೆ ಈ ಹದಿನೈದು ಮಂದಿಗೆ ಪೂಜೆ ಸಲ್ಲುತ್ತದೆ. ನಡುವಿನ ಬಿಂದುವಿನಲ್ಲಿ ಲಲಿತೆ. ಪಾಡ್ಯದಿಂದ ರಾಕೆಯವರೆಗಿನ ತಿಥಿಗಳ ಮಂಡಲವೇ ಅವಳನ್ನು ಪೂಜಿಸುತ್ತದೆ ಎಂಬ ಅರ್ಥದ ಹೆಸರು ಸಹಸ್ರನಾಮದಲ್ಲಿದೆ. ಋಗ್ವೇದದ ರಾಕಾ ಅಲ್ಲಿಂದ ನಡೆದು ಇಲ್ಲಿಯವರೆಗೆ ಬಂದಿದ್ದಾಳೆ.

ಚಂದ್ರನ ಸುತ್ತ ದೇವಿಯರನ್ನು ಸೇರಿಸುವ ಅತ್ಯಂತ ಅಚ್ಚುಕಟ್ಟಾದ ಏರ್ಪಾಟು ಇದು. ಪ್ರತಿಯೊಬ್ಬಳಿಗೂ ತನ್ನ ದಿನ, ತನ್ನ ಮಂತ್ರ, ತನ್ನ ರೂಪ. ಎಲ್ಲರ ನಡುವೆ ಒಬ್ಬ ಒಡತಿ.

ಜನರ ಹುಣ್ಣಿಮೆಗಳು

ತಂತ್ರಗ್ರಂಥಗಳ ಅಚ್ಚುಕಟ್ಟು ಊರ ಜಾತ್ರೆಗಳಲ್ಲಿ ಇರುವುದಿಲ್ಲ. ಅಲ್ಲಿ ಇರುವುದು ಕಥೆ, ಹರಕೆ, ಎತ್ತಿನ ಗಾಡಿ, ಅಡುಗೆ. ಕರ್ನಾಟಕದಲ್ಲಿ ಚಂದ್ರ ಮತ್ತು ದೇವಿಯ ನಂಟು ಅತಿ ಗಾಢವಾಗಿ ಕಾಣುವುದು ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ. ಅಲ್ಲಿ ದೇವಿಯ ಬಾಳೇ ಹುಣ್ಣಿಮೆಯಿಂದ ಹುಣ್ಣಿಮೆಗೆ ಬದಲಾಗುತ್ತದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಗಂಡ ಜಮದಗ್ನಿ ಹತನಾಗಿ ರೇಣುಕೆ, ಅಂದರೆ ಯಲ್ಲಮ್ಮ, ವಿಧವೆಯಾಗುತ್ತಾಳೆ. ಜನ ಅದನ್ನು ರಂಡೆ ಹುಣ್ಣಿಮೆ ಎಂದೇ ಕರೆಯುತ್ತಾರೆ. ಆಗ ದೇವಿಯ ಬಳೆ ಒಡೆಯುವ ಆಚರಣೆ ಇದೆ. ಮುಂದಿನದು ಪುಷ್ಯದ ಬನದ ಹುಣ್ಣಿಮೆ. ಅದರ ಮುಂದಿನ ಮಾಘದ ಭಾರತ ಹುಣ್ಣಿಮೆಗೆ ಗಂಡ ಮತ್ತೆ ಬದುಕಿ ಅವಳು ಮುತ್ತೈದೆಯಾಗುತ್ತಾಳೆ. ಅದಕ್ಕೇ ಅದು ಮುತ್ತೈದೆ ಹುಣ್ಣಿಮೆ. ಗುಡ್ಡಕ್ಕೆ ಬಂದ ಲಕ್ಷಾಂತರ ಜನ "ಉಧೋ ಉಧೋ" ಎಂದು ಭಂಡಾರ ತೂರುತ್ತಾರೆ. ಆಕಾಶದ ಚಂದ್ರ ಕರಗಿ ತುಂಬುವ ಹಾಗೆಯೇ ದೇವಿ ಕಳೆದುಕೊಂಡು ಪಡೆಯುತ್ತಾಳೆ.

ಈ ಹುಣ್ಣಿಮೆಗಳ ಇನ್ನೊಂದು ಮುಖವನ್ನೂ ಹೊಸಬರು ತಿಳಿದಿರಬೇಕು. ಬಡ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದದ್ದೂ ಇದೇ ದಿನಗಳಲ್ಲಿ. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಬಂತು. ಪೂಜೆಯ ಇತಿಹಾಸ ಓದುವವರು ಅದರ ಚೆಲುವನ್ನು ನೋಡಿ ಕಷ್ಟವನ್ನು ಬಿಡಬಾರದು.

ಸವದತ್ತಿಗೆ ಸೇರಿದ ಬನದ ಹುಣ್ಣಿಮೆ ಬಾದಾಮಿಯ ಬಳಿ ಬನಶಂಕರಿಗೂ ಸೇರಿದೆ. ಅಲ್ಲಿ ಜಾತ್ರೆಯ ತೇರು ಎಳೆಯುವುದು ಪುಷ್ಯದ ಹುಣ್ಣಿಮೆಯಂದೇ. ಬನಶಂಕರಿ ಶಾಕಂಭರಿ, ಬರಗಾಲದಲ್ಲಿ ಕಾಯಿಪಲ್ಲೆ ಕೊಟ್ಟು ಕಾಪಾಡಿದವಳು. ಹಾಗಾಗಿ ಅವಳ ನೈವೇದ್ಯದಲ್ಲಿ ಬಗೆಬಗೆಯ ತರಕಾರಿಗೆ ದೊಡ್ಡ ಪಾಲು. ಒಂದೇ ರಾತ್ರಿ, ಇಬ್ಬರು ದೇವಿಯರು, ಎರಡು ಕಥೆ. ಯಲ್ಲಮ್ಮನೂ ಬನಶಂಕರಿಯೂ ಒಬ್ಬಳೇ ಎಂದು ಯಾರೂ ಹಟ ಹಿಡಿಯುವುದಿಲ್ಲ. ಕಲ್ಯಾಣಮಂಟಪ ಒಂದೇ ಆದರೂ ಒಳಗೆ ನಡೆಯುವ ಮದುವೆಗಳು ಬೇರೆ ಬೇರೆ ಮನೆಯವು, ಹುಣ್ಣಿಮೆಯೂ ಹಾಗೆ.

ಆಶ್ವಯುಜದ ಸೀಗಿ ಹುಣ್ಣಿಮೆಗೆ ಬೆಳೆ ತುಂಬಿದ ಭೂಮಿಯೇ ಬಸುರಿ. ಉತ್ತರ ಕರ್ನಾಟಕದಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಲೆನಾಡಿನಲ್ಲಿ ಅದೇ ದಿನ ಭೂಮಿ ಹುಣ್ಣಿಮೆ. ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ, ಬಸುರಿಯ ಬಯಕೆ ತೀರಿಸುವ ಊಟ ಅದು. ಗರ್ಭಕ್ಕೂ ಚಂದ್ರನಿಗೂ ಸಿನೀವಾಲಿಯ ಕಾಲದಲ್ಲಿ ಕಟ್ಟಿದ ಗಂಟು ಹೊಲದಲ್ಲಿ ಇನ್ನೂ ಸಡಿಲವಾಗಿಲ್ಲ. ಕಾರ್ತಿಕದ ಗೌರಿ ಹುಣ್ಣಿಮೆಗೆ ಹುಡುಗಿಯರು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿದ ಮನೆಗಳು ಈ ಆರತಿಯನ್ನು ಬೆಂಗಳೂರಿಗೂ ತಂದಿವೆ.

ಇನ್ನು ಬೆಂಗಳೂರಿನದೇ ಹುಣ್ಣಿಮೆ ಚೈತ್ರದ್ದು. ಆ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಹೂವಿನ ಕರಗ ಹೊರುವವರು ತಿಗಳ ಸಮುದಾಯದವರು, ಹೆಣ್ಣಿನ ಉಡುಗೆಯಲ್ಲಿ. ಕರಗ ದ್ರೌಪದಿಯದು, ಅವಳು ಇಲ್ಲಿ ಪಾಂಡವರ ಹೆಂಡತಿ ಮಾತ್ರ ಅಲ್ಲ, ತಿಮಿರಾಸುರನನ್ನು ಕೊಂದ ಆದಿಶಕ್ತಿ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಪೂಜೆ ಹಂಚಿಕೊಳ್ಳುವುದು ದೇವಿಯರ ನಡುವೆ ಮಾತ್ರ ನಡೆಯುವುದಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗ ಗ್ರೀಸಿನ ಮೂವರು

ಇಷ್ಟು ತಿಳಿದ ಮೇಲೆ ಗ್ರೀಕರ ಮನೆಗೆ ಹೋಗಬಹುದು. ಮೊದಲು ಸಿಗುವವಳು ಸೆಲೀನಿ. ಹೆಸಿಯಡ್ ಕವಿಯ ಥಿಯಾಗನಿ ಕಾವ್ಯದ ಪ್ರಕಾರ ಅವಳು ಹೈಪೀರಿಯನ್ ಮತ್ತು ಥಿಯಾ ಎಂಬ ಟೈಟನ್ನರ ಮಗಳು, ಸೂರ್ಯ ಹೀಲಿಯಸ್ ಮತ್ತು ಉಷೆ ಇಯೋಸ್ ಅವರ ಒಡಹುಟ್ಟು. ಅವಳು ಚಂದ್ರನ ಅಧಿದೇವತೆ ಎನ್ನುವುದಕ್ಕಿಂತ ಸಾಕ್ಷಾತ್ ಚಂದ್ರಳೇ. ರಥವೇರಿ ಆಕಾಶ ದಾಟುತ್ತಾಳೆ. ಪಾರ್ಥೆನಾನ್ ದೇವಾಲಯದ ಪೂರ್ವದ ಮೇಲ್ಕಟ್ಟಿನ ಒಂದು ಮೂಲೆಯಲ್ಲಿ ಸೂರ್ಯನ ಕುದುರೆಗಳು ಮೇಲೇಳುತ್ತವೆ, ಇನ್ನೊಂದು ಮೂಲೆಯಲ್ಲಿ ರಾತ್ರಿಯಿಡೀ ಓಡಿ ದಣಿದ ಸೆಲೀನಿಯ ಕುದುರೆಗಳು ಇಳಿಯುತ್ತವೆ. ಕ್ರಿ.ಪೂ. 438ರಿಂದ 432ರ ನಡುವೆ ಕೆತ್ತಿದ ಆ ಕುದುರೆಗಳಲ್ಲಿ ಒಂದರ ತಲೆ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಲ್ಯಾಟ್ಮಸ್ ಬೆಟ್ಟದಲ್ಲಿ ಚಿರನಿದ್ರೆಯಲ್ಲಿದ್ದ ಎಂಡಿಮಿಯನ್ ಎಂಬ ಚೆಲುವನನ್ನು ಅವಳು ಪ್ರೀತಿಸಿದಳು, ಅವರಿಗೆ ಐವತ್ತು ಹೆಣ್ಣುಮಕ್ಕಳು ಎಂಬ ಕಥೆಯನ್ನು ಪೌಸೇನಿಯಸ್ ಎಂಬ ಪ್ರವಾಸಿ ಬರೆದಿಟ್ಟಿದ್ದಾನೆ. ಒಲಿಂಪಿಕ್ ಕ್ರೀಡೆಗಳ ನಡುವಣ ನಾಲ್ಕು ವರ್ಷದಲ್ಲಿ ಚಾಂದ್ರಮಾಸಗಳು 49 ಅಥವಾ 50. ಈ ಮಕ್ಕಳು ಆ ತಿಂಗಳುಗಳೇ ಇರಬೇಕು ಎಂದು ವಿದ್ವಾಂಸರು ಊಹಿಸಿದ್ದಾರೆ. ಕಥೆಗಳಲ್ಲಿ ಇಷ್ಟೆಲ್ಲ ಇದ್ದರೂ ಸೆಲೀನಿಗೆ ಗುಡಿಗಳು ತೀರ ಕಡಿಮೆ. ನಮ್ಮ ಚಂದ್ರನ ಸ್ಥಿತಿಯೂ ಅಷ್ಟೆ ಅಲ್ಲವೆ? ನವಗ್ರಹಗಳ ಸಾಲಿನಲ್ಲಿ ಒಂದು ಜಾಗ, ಶಿವನ ಜಟೆಯಲ್ಲಿ ಇನ್ನೊಂದು.

ಎರಡನೆಯವಳು ಆರ್ಟೆಮಿಸ್. ಲೀಟೋದೇವಿಯ ಮಗಳು, ಅಪೊಲೊನ ಅವಳಿ. ಹೋಮರನಲ್ಲಿ ಅವಳು ಬೇಟೆಗಾರ್ತಿ, ಕಾಡಿನ ಒಡತಿ. ಚಂದ್ರನ ಮಾತೇ ಇಲ್ಲ. ಅವಳ ನಿಜವಾದ ಕೆಲಸ ಹುಡುಗಿಯರನ್ನು ಬೆಳೆಸುವುದು, ಹೆರಿಗೆಯಲ್ಲಿ ಕಾಯುವುದು. ಅಥೆನ್ಸಿನ ಬಳಿಯ ಬ್ರೌರಾನ್ ಕ್ಷೇತ್ರದಲ್ಲಿ ಪುಟ್ಟ ಹುಡುಗಿಯರು ಕರಡಿಮರಿಗಳ ಹಾಗೆ ಆಡಿ ಅವಳ ಸೇವೆ ಮಾಡುತ್ತಿದ್ದರು. ಕ್ರಿ.ಪೂ. 5ನೇ ಶತಮಾನದಿಂದೀಚೆಗೆ ಅಪೊಲೊ ಸೂರ್ಯನ ಹತ್ತಿರ ಸರಿದ ಹಾಗೆ ಅವಳು ಚಂದ್ರನ ಹತ್ತಿರ ಸರಿದಳು. ಪೈರೀಯಸ್ ಬಂದರಿನ ಮುನಿಕಿಯಾ ಗುಡ್ಡದಲ್ಲಿ ಮುನಿಕಿಯಾನ್ ತಿಂಗಳ 16ನೇ ದಿನ, ಹುಣ್ಣಿಮೆಯ ಹೊತ್ತಿಗೆ, ಅವಳಿಗೆ ದುಂಡನೆಯ ಸಿಹಿರೊಟ್ಟಿ ಅರ್ಪಿಸುತ್ತಿದ್ದರು. ರೊಟ್ಟಿಯ ಸುತ್ತ ಸಣ್ಣ ದೀಪಗಳನ್ನು ಹಚ್ಚಿರುತ್ತಿದ್ದರು. ಕ್ರಿ.ಪೂ. 480ರ ಸಲಾಮಿಸ್ ನೌಕಾಯುದ್ಧದಲ್ಲಿ ಗೆದ್ದ ಗ್ರೀಕರ ಮೇಲೆ ದೇವಿ ಪೂರ್ಣಚಂದ್ರಳಾಗಿ ಬೆಳಗಿದ ನೆನಪಿಗೆ ಈ ದಿನ ಎಂದು ಪ್ಲುಟಾರ್ಕ್ ಹೇಳುತ್ತಾನೆ. ನಮ್ಮ ಸಕ್ಕರೆ ಆರತಿಯ ತಟ್ಟೆ ನೆನಪಾದರೆ ತಪ್ಪಿಲ್ಲ. ಆದರೆ ಒಂದರಿಂದ ಇನ್ನೊಂದು ಹುಟ್ಟಿತು ಎಂದು ಮಾತ್ರ ಹಾರಬೇಡಿ. ಹುಣ್ಣಿಮೆಯಂದು ದುಂಡನೆಯ ಸಿಹಿ, ಅದರ ಸುತ್ತ ಬೆಳಕು ಎಂಬುದು ಎರಡು ಊರಿನವರಿಗೆ ತಾವಾಗಿಯೇ ಹೊಳೆಯಬಲ್ಲದು.

ಮೂರನೆಯವಳು ಹೆಕಟಿ. ಅವಳ ತಾಯಿ ಆಸ್ಟೀರಿಯಾ ಮತ್ತು ಆರ್ಟೆಮಿಸಳ ತಾಯಿ ಲೀಟೋ ಅಕ್ಕತಂಗಿಯರು. ಇಬ್ಬರೂ ಫೀಬಿ ಎಂಬ ಟೈಟನ್ ದೇವಿಯ ಮಕ್ಕಳು. ಅಂದರೆ ಹೆಕಟಿ ಮತ್ತು ಆರ್ಟೆಮಿಸ್ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ಮಂತ್ರ ಮಾಟದ ಭಯಂಕರ ದೇವಿ ಎಂದೇ ಇಂದು ಅವಳನ್ನು ಪರಿಚಯಿಸುತ್ತಾರೆ. ಹೆಸಿಯಡ್ ಹೇಳುವ ಹೆಕಟಿ ಬೇರೆ. ಸ್ಯೂಸ್ ದೇವರಾಜ ಎಲ್ಲರಿಗಿಂತ ಹೆಚ್ಚು ಗೌರವಿಸಿದವಳು, ಭೂಮಿ, ಕಡಲು, ಆಕಾಶ ಮೂರರಲ್ಲೂ ಪಾಲು ಪಡೆದವಳು. ಮೀನುಗಾರರ ಬಲೆ ತುಂಬಿಸುವವಳು, ದನಕರು ಹೆಚ್ಚಿಸುವವಳು, ಮಕ್ಕಳನ್ನು ಸಾಕುವವಳು. ಕೈಯಲ್ಲಿ ಪಂಜು, ಬೀಗದಕೈ, ಜೊತೆಗೆ ನಾಯಿ ಬಂದದ್ದು ಮುಂದೆ.

ಕತ್ತಲ ರಾತ್ರಿಯ ಊಟ

ಹೆಕಟಿಯ ದಿನ ತಿಂಗಳ ಕೊನೆಯದು, ಚಂದ್ರನಿಲ್ಲದ ರಾತ್ರಿ. ಅಂದು ಅಥೆನ್ಸಿನ ಮನೆಗಳವರು ಮೂರು ದಾರಿ ಕೂಡುವ ಜಾಗದಲ್ಲಿ ಅವಳಿಗೆ ಎಡೆ ಇಟ್ಟು ಬರುತ್ತಿದ್ದರು. ಅದಕ್ಕೆ ಹೆಕಟಿಯ ಊಟ ಎಂದೇ ಹೆಸರು. ಬಡವರು ಆ ಎಡೆಯನ್ನು ಎತ್ತಿಕೊಂಡು ತಿನ್ನುತ್ತಿದ್ದರು. ಕ್ರಿ.ಪೂ. 388ರಲ್ಲಿ ಆಡಿದ ಪ್ಲೂಟಸ್ ನಾಟಕದಲ್ಲಿ ಅರಿಸ್ಟೋಫನೀಸ್ ಇದನ್ನೇ ಹಿಡಿದು ಹಾಸ್ಯ ಮಾಡಿದ್ದಾನೆ: ಸಿರಿವಂತರು ತಿಂಗಳಿಗೊಮ್ಮೆ ಊಟ ಇಡುತ್ತಾರೆ, ನೆಲಕ್ಕೆ ಇಡುವ ಮೊದಲೇ ಬಡವರು ಕಿತ್ತುಕೊಳ್ಳುತ್ತಾರೆ ಎಂದು.

ನಮ್ಮ ಕಡೆಯ ಅಮಾವಾಸ್ಯೆ ಸಂಜೆಯನ್ನು ಇದರ ಪಕ್ಕ ಇಡಿ. ವಿಜಯನಗರದ ಅಂಗಡಿ ಸಾಲಿನಲ್ಲಿ ಬೂದುಗುಂಬಳಕ್ಕೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಅಂಗಡಿಗೆ ನಿವಾಳಿಸಿ ರಸ್ತೆಗೆ ಒಡೆಯುತ್ತಾರೆ. ಬಾಗಿಲಿನ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ ಹೋಗಿ ಹೊಸದು ಬರುತ್ತದೆ. ದೃಷ್ಟಿ ತೆಗೆದದ್ದನ್ನು ಮೂರು ದಾರಿ ಕೂಡುವಲ್ಲಿ ಹಾಕಿ ಹಿಂತಿರುಗಿ ನೋಡದೆ ಬರುತ್ತಾರೆ, ತುಳಿಯಬೇಡಿ ಎಂದು ಮಕ್ಕಳಿಗೆ ಹೇಳುತ್ತಾರೆ. ಮರುದಿನ ಕುಂಬಳದ ಚೂರಿನ ಮೇಲೆ ಸ್ಕೂಟರ್ ಜಾರುವುದೂ ಪೌರಕಾರ್ಮಿಕರು ಬೈದುಕೊಂಡು ಗುಡಿಸುವುದೂ ಈ ಆಚರಣೆಯ ಭಾಗವೇ ಆಗಿಹೋಗಿದೆ. ಒಳಗಿನ ಕೇಡನ್ನು ಹೊರಗೆ ಹಾಕಲು ದಾರಿಗಳು ಕೂಡುವ ಜಾಗ, ಒಂದು ತಿಂಗಳು ಮುಗಿಯುವ ಹೊತ್ತು. ಎರಡೂ ಊರಿನ ಯೋಚನೆ ಒಂದೇ ದಿಕ್ಕಿನದು.

ಹಾಗೆಂದು ಕತ್ತಲೆ ಎಂದರೆ ಭಯ ಮಾತ್ರ ಎಂದುಕೊಳ್ಳಬಾರದು. ವರ್ಷದ ಅತಿ ದೊಡ್ಡ ಲಕ್ಷ್ಮೀಪೂಜೆ ನಡೆಯುವುದು ದೀಪಾವಳಿಯ ಅಮಾವಾಸ್ಯೆಗೇ. ಆಷಾಢದ ಭೀಮನ ಅಮಾವಾಸ್ಯೆಗೆ ಹೆಣ್ಣುಮಕ್ಕಳು ಜೋಡಿ ದೀಪದಲ್ಲಿ ಶಿವ ಪಾರ್ವತಿಯರನ್ನು ಪೂಜಿಸುತ್ತಾರೆ, ಅಣ್ಣತಮ್ಮಂದಿರು ಹೊಸ್ತಿಲಲ್ಲಿ ಭಂಡಾರ ಒಡೆಯುತ್ತಾರೆ. ಎಳ್ಳು ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಹೊಲಗಳೇ ಊಟದ ಮನೆ. ಹೆಸಿಯಡನ ಹೆಕಟಿ ಕೊಡುವ ದೇವಿಯಾಗಿದ್ದದ್ದು ಈಗ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಮೂವರು ಒಬ್ಬಳಾದದ್ದು ಹೇಗೆ

ಗ್ರೀಕರು ಮತ್ತು ನಾವು ಬೇರೆಯಾಗುವುದು ಇಲ್ಲಿ. ಕ್ರಿ.ಪೂ. 5ನೇ ಶತಮಾನದ ಶಿಲ್ಪಿ ಅಲ್ಕಮೆನೀಸ್ ಅಥೆನ್ಸಿನ ಅಕ್ರಾಪೊಲಿಸ್ ಮೇಲೆ ಮೂರು ಮೈ ಕೂಡಿಸಿದ ಹೆಕಟಿಯ ವಿಗ್ರಹ ಮಾಡಿದ. ಅಂಥದ್ದನ್ನು ಮೊದಲು ಮಾಡಿದವನು ಅವನೇ ಎಂದು ಪೌಸೇನಿಯಸ್ ಬರೆಯುತ್ತಾನೆ. ಅದು ಮೂರು ದೇವಿಯರ ಮೂರ್ತಿಯಲ್ಲ, ಮೂರು ದಾರಿಗಳನ್ನೂ ಒಟ್ಟಿಗೆ ನೋಡಬಲ್ಲ ಒಬ್ಬಳೇ ದೇವಿ. ಆದರೆ ಮೂರು ಮೈ ಸಿಕ್ಕಿದ ಮೇಲೆ ಅವಕ್ಕೆ ಮೂರು ಹೆಸರು ಹಚ್ಚುವುದು ಸುಲಭವಾಯಿತು. ರೋಮನ್ನರು ತಮ್ಮ ಡಯಾನಾ ದೇವಿಯನ್ನು ಆರ್ಟೆಮಿಸ್ ಜೊತೆ ಸಮೀಕರಿಸಿ, ಆಕಾಶದಲ್ಲಿ ಲೂನಾ, ಭೂಮಿಯ ಮೇಲೆ ಡಯಾನಾ, ಪಾತಾಳದಲ್ಲಿ ಹೆಕಟಿ ಎಂದು ಹಾಡಿದರು. ಕ್ರಿ.ಪೂ. 43ರ ಒಂದು ರೋಮನ್ ಬೆಳ್ಳಿ ನಾಣ್ಯದ ಮೇಲೆ ನೇಮಿ ಸರೋವರದ ಡಯಾನಾ ಮೂವರು ಹೆಂಗಸರಾಗಿ ಸಾಲಾಗಿ ನಿಂತಿದ್ದಾಳೆ. ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ಮಂತ್ರದ ಓಲೆಗಳಲ್ಲಿ ಸೆಲೀನಿ, ಆರ್ಟೆಮಿಸ್, ಹೆಕಟಿ, ಪಾತಾಳದ ದೇವಿ ಪರ್ಸೆಫನಿ ಎಲ್ಲರೂ ಒಂದೇ ಉಸಿರಿನಲ್ಲಿ ಬರುತ್ತಾರೆ.

ಕನ್ಯೆ, ತಾಯಿ, ಮುದುಕಿ ಎಂಬ ಮೂರು ವಯಸ್ಸಿನ ಚಂದ್ರದೇವಿ ಎಂದು ನೀವು ಎಲ್ಲಾದರೂ ಓದಿದ್ದರೆ, ಆ ಸೂತ್ರ ಪ್ರಾಚೀನ ಗ್ರೀಸಿನದಲ್ಲ. ಅದನ್ನು ಜನಪ್ರಿಯಗೊಳಿಸಿದ್ದು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಪ್ರಕಟಿಸಿದ ದಿ ವೈಟ್ ಗಾಡೆಸ್ ಪುಸ್ತಕ. ಆರ್ಟೆಮಿಸ್ ಕನ್ಯೆ ನಿಜ, ಆದರೆ ಹೆಕಟಿಯನ್ನೂ ಗ್ರೀಕ್ ಕಲಾವಿದರು ಯುವತಿಯಾಗಿಯೇ ಕೆತ್ತಿದರು. ಹೊಸಬರು ಅತಿ ಹೆಚ್ಚು ಎಡವುವುದು ಈ ಜಾಗದಲ್ಲಿ.

ಹೆಸರು ಒಂದಾದರೆ ದೇವತೆ ಒಂದೇ ಎಂದೂ ಅಲ್ಲ. ಕುಷಾಣ ದೊರೆ ಕನಿಷ್ಕನ ಆರಂಭದ ನಾಣ್ಯಗಳಲ್ಲಿ ಗ್ರೀಕ್ ಲಿಪಿಯಲ್ಲಿ ಸೆಲೀನಿಯ ಹೆಸರಿದೆ, ಆದರೆ ಅಲ್ಲಿ ನಿಂತಿರುವುದು ಭುಜದ ಹಿಂದೆ ಬಾಲಚಂದ್ರನಿರುವ ಒಬ್ಬ ಗಂಡು ದೇವರು. ಮುಂದೆ ಅದೇ ರೂಪಕ್ಕೆ ಮಾವೊ ಎಂಬ ಇರಾನೀ ಹೆಸರು ಬಂತು. ಗ್ರೀಕ್ ದೇವಿಯ ಹೆಸರು ಈ ಕಡೆಗೆ ಬಂದಾಗ ಗಂಡು ಚಂದ್ರನ ಮೈಗೆ ಅಂಟಿತು. ಇಂಥದ್ದೇ ಉದಾಹರಣೆ ಕರ್ನಾಟಕದಲ್ಲೂ ಇದೆ. ಜೈನರ ಎಂಟನೇ ತೀರ್ಥಂಕರ ಚಂದ್ರಪ್ರಭ, ಅವನ ಲಾಂಛನ ಚಂದ್ರ. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿ ಅವನದೇ. ಅವನ ಯಕ್ಷಿಯ ಹೆಸರು ಜ್ವಾಲಾಮಾಲಿನಿ. ಇಂದ್ರನಂದಿ ಎಂಬ ಮುನಿ 939ರಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅವಳ ಪೂಜಾವಿಧಿಯ ಗ್ರಂಥ ಬರೆದ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಅವಳಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಶ್ರೀವಿದ್ಯೆಯ ಚತುರ್ದಶಿಯ ನಿತ್ಯೆಗೂ ಇದೇ ಹೆಸರು, ಅವಳೂ ಚಂದ್ರನ ಸುತ್ತಲಿನವಳು. ಆದರೆ ಒಬ್ಬಳು ತೀರ್ಥಂಕರನನ್ನು ಕಾಯುವ ಯಕ್ಷಿ, ಇನ್ನೊಬ್ಬಳು ಲಲಿತೆಯ ಪರಿವಾರದವಳು. ಅವರವರ ಮನೆಯಲ್ಲಿ ಅವರವರು ಇದ್ದಾರೆ.

ಓದಲು ಹೊರಟವರಿಗೆ

ಒಟ್ಟಾರೆ ಹೇಳುವುದಾದರೆ, ಚಂದ್ರ ದೇವಿಯರನ್ನು ಒಂದು ದಿನಕ್ಕೆ ಸೇರಿಸುತ್ತಾನೆ, ಒಂದು ಮೈಗೆ ಸೇರಿಸುವವರು ಮನುಷ್ಯರು. ಗ್ರೀಸ್ ಮತ್ತು ರೋಮ್ ಕಾಲಕ್ರಮದಲ್ಲಿ ಮೂವರನ್ನು ಒಂದು ವಿಗ್ರಹಕ್ಕೆ, ಒಂದು ಮಂತ್ರಕ್ಕೆ ತಂದವು. ನಮ್ಮ ನಾಡು ಹಲವರನ್ನು ಒಂದು ತಿಥಿಗೆ ತಂದು, ಅವರವರ ಗುಡಿ, ಕಥೆ, ಎಡೆಗಳನ್ನು ಹಾಗೇ ಬಿಟ್ಟಿತು. ಶ್ರೀವಿದ್ಯೆ ಎರಡರ ನಡುವೆ ನಿಂತು ಹದಿನೈದು ಮಂದಿಯನ್ನು ಉಳಿಸಿಕೊಂಡೇ ನಡುವೆ ಒಬ್ಬಳನ್ನು ಕೂರಿಸಿತು. ಈ ಮೂರೂ ಬಗೆ ಜಗತ್ತಿನ ಬೇರೆ ಕಡೆಗಳಲ್ಲೂ ಸಿಗುತ್ತವೆ.

ಆದ್ದರಿಂದ ಅಸಲಿ ಚಂದ್ರದೇವಿ ಯಾರು ಎಂಬ ಪ್ರಶ್ನೆಯನ್ನು ಬದಿಗಿಡಿ. ಅದರ ಬದಲು ಮೂರು ಪ್ರಶ್ನೆ ಕೇಳಿ: ಯಾವ ಊರು, ಯಾವ ತಿಥಿ, ಏನು ಎಡೆ? ಮುನಿಕಿಯಾ ಗುಡ್ಡ, ಹುಣ್ಣಿಮೆ, ದೀಪ ಹಚ್ಚಿದ ಸಿಹಿರೊಟ್ಟಿ ಎಂದರೆ ಆರ್ಟೆಮಿಸ್. ಮೂರು ದಾರಿ, ತಿಂಗಳ ಕೊನೆ, ಊಟ ಎಂದರೆ ಹೆಕಟಿ. ಸವದತ್ತಿ, ಹೊಸ್ತಿಲ ಹುಣ್ಣಿಮೆ, ಬಳೆ ಎಂದರೆ ಯಲ್ಲಮ್ಮ. ಪುಸ್ತಕದಿಂದ ಶುರುಮಾಡುವವರು ಹೆಸಿಯಡನ ಥಿಯಾಗನಿಯಲ್ಲಿ ಹೆಕಟಿಯ ಭಾಗವನ್ನು ಮೊದಲು ಓದಿ, ಅವಳ ಬಗ್ಗೆ ಕೇಳಿದ ಅರ್ಧ ಮಾತು ಅಲ್ಲೇ ತಿದ್ದಿಕೊಳ್ಳುತ್ತದೆ. ಮನೆಯಿಂದ ಶುರುಮಾಡುವವರು ಮುಂದಿನ ಒಂದು ವರ್ಷದ ಹುಣ್ಣಿಮೆ ಅಮಾವಾಸ್ಯೆಗಳ ಎದುರು ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾವ ದೇವಿಗೆ ಏನು ನಡೆಯಿತು ಎಂದು ಬರೆದಿಡಿ. ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆಯಿರಿ, ಪಂಚಾಂಗದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.